ಹಬ್ಬ ಒಂದು ದಿನ, ಮನೆ ಎಲ್ಲ ದಿನ

ಹಿಂದೆ ನಮ್ಮ ಹಳ್ಳಿಗಳಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುತ್ತಿದ್ದರು. ಹೆಸರು ಇಡುತ್ತಿದ್ದರು. ಬಂಧು ಬಳಗ ಕರೆದು ಊಟ ಹಾಕುತ್ತಿದ್ದರು. ಆದರೆ ಹುಟ್ಟಿದ ದಿನ ಎಷ್ಟೋ ಮನೆಗಳಲ್ಲಿ ಯಾರಿಗೂ ನೆನಪಿರುತ್ತಿರಲಿಲ್ಲ. "ಜಾತ್ರೆ ಆದ ವಾರ ಹುಟ್ಟಿದವನು", "ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದವಳು" ಎನ್ನುತ್ತಿದ್ದರು. ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಅದಕ್ಕೇ ನಮ್ಮಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1!

ಈಗ ಕಾಲ ಬದಲಾಗಿದೆ. ಹಳ್ಳಿಯಲ್ಲೂ ಹುಟ್ಟುಹಬ್ಬ ಬಂದಿದೆ. ಕೇಕು ಬಂದಿದೆ. ಬಲೂನು ಬಂದಿದೆ. ಮಕ್ಕಳು ಸೇರುತ್ತಾರೆ, ಕುಣಿಯುತ್ತಾರೆ. ನೋಡಿದರೆ ಯಾರಿಗಾದರೂ ಸಂತೋಷವೇ.

ಹಬ್ಬದ ದಿನ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹಬ್ಬ ಮುಗಿದ ಮೇಲೆ? ಶಾಮಿಯಾನ ಬಿಚ್ಚುತ್ತಾರೆ. ನೆಂಟರು ಹೊರಡುತ್ತಾರೆ. ಮನೆಯಲ್ಲಿ ಉಳಿಯುವುದು ಏನು? ಉಳಿದ ಅನ್ನ, ಎಂಜಲು ಪಾತ್ರೆ, ಅಂಗಳದ ಕಸ, ತಲೆ ಮೇಲಿನ ಸಾಲ. ಇವನ್ನು ಸರಿಯಾಗಿ ನೋಡಿಕೊಂಡರೆ ಹಬ್ಬದ ಸಂತೋಷ ಉಳಿಯುತ್ತದೆ. ಇಲ್ಲದಿದ್ದರೆ ಒಂದು ದಿನದ ಸಂತೋಷಕ್ಕೆ ತಿಂಗಳುಗಟ್ಟಲೆ ಕಷ್ಟ.

ಒಂದು ಮನೆಯನ್ನು ನೋಡೋಣ. ಅದು ಯಾವ ಊರು ಎಂದು ಕೇಳಬೇಡಿ. ನಮ್ಮ ನಿಮ್ಮ ಮನೆಯಂಥದೇ ಎಂದುಕೊಳ್ಳಿ. ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ ಇದ್ದಾರೆ. 10 ವರ್ಷದ ಮಗಳು ಐದನೇ ತರಗತಿ ಓದುತ್ತಾಳೆ. ಮಗನಿಗೆ ಈಗ ತಾನೇ 3 ವರ್ಷ ತುಂಬಿದೆ. ತಾಯಿ ನಿಮ್ಮ ಹಾಗೆಯೇ ಸಂಜೆ ಕಲಿಕಾ ಕೇಂದ್ರಕ್ಕೆ ಹೋಗಿ ಓದು ಬರಹ ಕಲಿತವಳು. ಭಾನುವಾರ ಸಂಜೆ ಮಗನ ಹುಟ್ಟುಹಬ್ಬ. 80 ಜನ ಬಂದರು. ಚಿತ್ರಾನ್ನ, ಮೊಸರನ್ನ, ಕೇಸರಿಬಾತ್, ಕೇಕು. ಎಲ್ಲರೂ ಉಂಡು ಹರಸಿ ಹೋದರು.

ಭಾನುವಾರ ರಾತ್ರಿ: ಉಳಿದ ಅನ್ನ

ರಾತ್ರಿ ಹತ್ತು ಗಂಟೆ. ಒಂದು ದೊಡ್ಡ ಪಾತ್ರೆ ತುಂಬ ಚಿತ್ರಾನ್ನ ಉಳಿದಿತ್ತು. ಮಾಡಿದ್ದು ಸಂಜೆ ನಾಲ್ಕು ಗಂಟೆಗೆ. ಅತ್ತೆ ಅದರ ಮೇಲೆ ತಟ್ಟೆ ಮುಚ್ಚಿದರು. "ಬೆಳಗ್ಗೆ ತಿಂಡಿಗಾಯ್ತು ಬಿಡು" ಅಂದರು.

ಸೊಸೆಗೆ ಅನುಮಾನ. "ಅತ್ತೆಮ್ಮ, ಕೆಟ್ಟು ಹೋಗಲ್ವಾ?" ಅಂದಳು.

"ಅನ್ನಪೂರ್ಣೆಯನ್ನ ತಿಪ್ಪೆಗೆ ಹಾಕ್ತಾರೇನಮ್ಮಾ? ನಾವೆಲ್ಲ ತಂಗಳು ತಿಂದೇ ಬೆಳೆದಿಲ್ವಾ?"

ಅತ್ತೆ ಹೇಳಿದ್ದರಲ್ಲಿ ತಪ್ಪು ಮನಸ್ಸಿಲ್ಲ. ಅನ್ನ ಎಸೆಯಬಾರದು ಎನ್ನುವುದು ಒಳ್ಳೆಯ ಮಾತೇ. ಆದರೆ ಮನೆಯ ತಂಗಳಿಗೂ ಹಬ್ಬದ ಉಳಿಕೆಗೂ ವ್ಯತ್ಯಾಸ ಇದೆ.

ಮನೆಯಲ್ಲಿ ನಾಲ್ಕು ಜನಕ್ಕೆ ಮಾಡಿದ ಅನ್ನ ಬೇಗ ಆರುತ್ತದೆ. ದೊಡ್ಡ ಪಾತ್ರೆಯ ಅನ್ನ ಬೇಗ ಆರುವುದಿಲ್ಲ. ಮೇಲೆ ತಣ್ಣಗಿದ್ದರೂ ನಡುವೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಇರುತ್ತದೆ. ಕಣ್ಣಿಗೆ ಕಾಣದ ರೋಗಾಣುಗಳಿಗೆ ಈ ಉಗುರುಬೆಚ್ಚಗಿನ ಜಾಗ ಎಂದರೆ ಬಲು ಇಷ್ಟ. ಅಂಥ ಕಡೆ ಕೆಲವು ರೋಗಾಣು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಹೀಗೇ ಹೋದರೆ 4 ಗಂಟೆಯಲ್ಲಿ ಒಂದು ರೋಗಾಣು ನಾಲ್ಕು ಸಾವಿರಕ್ಕೂ ಹೆಚ್ಚಾಗುತ್ತದೆ. ಜೊತೆಗೆ ಹಬ್ಬದ ಊಟಕ್ಕೆ ಹತ್ತು ಜನರ ಕೈ ತಗುಲಿರುತ್ತದೆ.

"ಬೆಳಗ್ಗೆ ಬಿಸಿ ಮಾಡಿದರೆ ಆಯಿತಲ್ಲ?" ಎಂದು ನೀವು ಕೇಳಬಹುದು. ಎಲ್ಲಕ್ಕೂ ಆ ಮದ್ದು ನಡೆಯುವುದಿಲ್ಲ. ಅಕ್ಕಿಯಲ್ಲಿ ಒಂದು ಬಗೆಯ ರೋಗಾಣು ಇರುತ್ತದೆ. ಅದರ ಬೀಜ ಅನ್ನ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊತ್ತುಗಟ್ಟಲೆ ಹಾಗೇ ಉಳಿದರೆ ಅದು ಬೆಳೆದು ವಿಷ ಬಿಡುತ್ತದೆ. ಆ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ ಬರುವುದಿಲ್ಲ, ರುಚಿಯೂ ಕೆಡದೇ ಇರಬಹುದು. ಆದ್ದರಿಂದ ಮೂಸಿ ನೋಡಿ, ರುಚಿ ನೋಡಿ ತೀರ್ಮಾನ ಮಾಡಬಾರದು.

ಹಾಗಾದರೆ ಏನು ಮಾಡಬೇಕು?

ಬೇಯಿಸಿದ ಅಡುಗೆಯನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬೇಡಿ. ಬಿರುಬೇಸಿಗೆಯಾದರೆ 1 ಗಂಟೆ ಮಾತ್ರ. ಬಡಿಸುವಾಗಲೇ ಲೆಕ್ಕ ನೋಡಿ. ಉಳಿಯುತ್ತದೆ ಅನ್ನಿಸಿದರೆ ಬಿಸಿ ಇರುವಾಗಲೇ ಅಕ್ಕಪಕ್ಕದ ಮನೆಗಳಿಗೆ ಹಂಚಿ, ಆಗಲೇ ತಿನ್ನಲು ಹೇಳಿ. ಮನೆಯಲ್ಲಿ ಫ್ರಿಜ್ ಇದ್ದರೆ ಅಗಲ ತಟ್ಟೆಗೆ ಹರಡಿ, ಬೇಗ ಆರಿಸಿ, ಒಳಗಿಡಿ. ಹೊತ್ತು ಮೀರಿದ ಅನ್ನ, ಮೊಸರನ್ನ, ಹಾಲಿನ ಸಿಹಿ, ಕೇಕಿನ ಕ್ರೀಮು ಇವನ್ನು ಮಕ್ಕಳಿಗೆ ಕೊಡಲೇಬೇಡಿ. ಕಾಂಪೋಸ್ಟ್ ಗುಂಡಿಗೆ ಹಾಕಿ, ಮಣ್ಣು ಮುಚ್ಚಿ. ಅದು ಹೊಲಕ್ಕೆ ಗೊಬ್ಬರವಾಗಿ ಬರುತ್ತದೆ. ಅನ್ನಪೂರ್ಣೆ ಮುನಿಯುವುದಿಲ್ಲ.

ಹಿತ್ತಾಳೆ, ತಾಮ್ರದ ಪಾತ್ರೆ ಬಾಡಿಗೆ ತಂದಿದ್ದರೆ ಇನ್ನೊಂದು ಮಾತು. ಕಲಾಯಿ ಹೋದ ಪಾತ್ರೆಯಲ್ಲಿ ನಿಂಬೆಹುಳಿ, ಹುಣಸೆಹುಳಿ, ಮೊಸರು ಹಾಕಿದ ಅಡುಗೆ ಇಡಬೇಡಿ. ಕಿಲುಬು ಏಳುತ್ತದೆ. ಅದೂ ಹೊಟ್ಟೆಗೆ ಕೆಡುಕು.

ಸೋಮವಾರ: ಮಗುವಿಗೆ ಭೇದಿ

ಆ ಮನೆಯಲ್ಲಿ ಅತ್ತೆಯ ಮಾತೇ ನಡೆಯಿತು. ಸೋಮವಾರ ಬೆಳಗ್ಗೆ ಚಿಕ್ಕವನು ಚಿತ್ರಾನ್ನ ತಿಂದ. ಹನ್ನೊಂದು ಗಂಟೆಗೆ ಎರಡು ಸಲ ವಾಂತಿ ಮಾಡಿದ. ಮಧ್ಯಾಹ್ನದಿಂದ ನೀರು ನೀರಾಗಿ ಭೇದಿ. ಸಂಜೆಯ ಹೊತ್ತಿಗೆ ಮಗು ಸೊಪ್ಪಿನ ಹಾಗೆ ಬಾಡಿತು.

"ದೃಷ್ಟಿ ಆಗಿದೆ ಕಣಮ್ಮ. ಅಷ್ಟೊಂದು ಜನ ನೋಡಿದ್ರಲ್ಲ" ಅಂದರು ಅತ್ತೆ. ಉಪ್ಪು ಮೆಣಸಿನಕಾಯಿ ನಿವಾಳಿಸಿದರು. "ಏನೂ ಕೊಡಬೇಡ. ನೀರು ಕುಡಿಸಿದರೆ ಇನ್ನೂ ಹೆಚ್ಚು ಹೋಗುತ್ತೆ" ಅಂದರು.

ಅಕ್ಕ ತಂಗಿಯರೇ, ಇಲ್ಲಿ ನಿಂತು ಯೋಚಿಸಿ. ದೃಷ್ಟಿ ತೆಗೆದರೆ ಅಜ್ಜಿಯ ಮನಸ್ಸಿಗೆ ಸಮಾಧಾನ. ಇರಲಿ. ಆದರೆ "ನೀರು ಕೊಡಬೇಡ" ಎನ್ನುವ ಮಾತು ಮಗುವಿನ ಜೀವಕ್ಕೇ ಅಪಾಯ. ಭೇದಿಯಲ್ಲಿ ಮಗುವಿನ ಮೈಯಿಂದ ನೀರು, ಉಪ್ಪು ಎರಡೂ ಹೋಗುತ್ತವೆ. ಸಣ್ಣ ಕೊಡ, ಸಣ್ಣ ತೂತು ಎಂದುಕೊಳ್ಳಿ. ಮೇಲಿನಿಂದ ಹುಯ್ಯದೆ ಇದ್ದರೆ ಕೊಡ ಎಷ್ಟು ಹೊತ್ತು ತಾಳೀತು? ಭೇದಿಯಾದಾಗ ಮಕ್ಕಳು ಸಾಯುವುದು ಹೆಚ್ಚಾಗಿ ಮೈಯ ನೀರು ಬತ್ತುವುದರಿಂದ.

ತಾಯಿಗೆ ಕೇಂದ್ರದಲ್ಲಿ ಓದಿದ್ದು ನೆನಪಾಯಿತು. "ರೀ, ಆಶಾ ಅಕ್ಕನ ಮನೆಗೆ ಓಡಿ. ಓ.ಆರ್.ಎಸ್. ಪೊಟ್ಟಣ ಇಸ್ಕೊಂಡು ಬನ್ನಿ" ಅಂದಳು. ಗಂಡ ತಂದುಕೊಟ್ಟ. ಪೊಟ್ಟಣದ ಮೇಲೆ ಬರೆದದ್ದನ್ನು ಅವಳೇ ಅಕ್ಷರ ಕೂಡಿಸಿ ಓದಿದಳು. "ಒಂದು ಲೀಟರ್ ನೀರು" ಎಂದು ಎರಡು ಸಲ ಓದಿದಳು. ಲೋಟಕ್ಕೆ ಸ್ವಲ್ಪ ಪುಡಿ ಹಾಕಿ ಕಲಸಲು ಹೊರಟಿದ್ದ ಗಂಡನ ಕೈ ಹಿಡಿದಳು. ಓದು ಬಂದದ್ದು ಆ ಹೊತ್ತಿಗೆ ಒದಗಿತು.

ಓ.ಆರ್.ಎಸ್. ಮಾಡುವ ಬಗೆ

1. ಸಾಬೂನು ಹಾಕಿ ಕೈ ತೊಳೆಯಿರಿ.
2. ಕುದಿಸಿ ಆರಿಸಿದ 1 ಲೀಟರ್ ನೀರನ್ನು ಶುದ್ಧ ಪಾತ್ರೆಗೆ ಹಾಕಿ.
3. 1 ಲೀಟರಿನ ದೊಡ್ಡ ಪೊಟ್ಟಣದ ಪುಡಿಯನ್ನು ಪೂರ್ತಿ ಒಂದೇ ಸಲ ಹಾಕಿ ಕಲಕಿ. ಅರ್ಧ ಪುಡಿ ಹಾಕಬೇಡಿ. ಸಕ್ಕರೆ, ಹಾಲು ಏನೂ ಸೇರಿಸಬೇಡಿ.
4. ಮುಚ್ಚಿಡಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ, ಹೊಸದು ಮಾಡಿ.

ಪ್ರತಿ ಸಲ ಭೇದಿ ಆದ ಮೇಲೂ ಕುಡಿಸಬೇಕು. 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್. ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್. ಗಟಗಟ ಕುಡಿಸಬೇಡಿ. ಚಮಚದಲ್ಲಿ ಗುಟುಕು ಗುಟುಕಾಗಿ ಹಾಕಿ. ವಾಂತಿ ಮಾಡಿದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕುಡಿಸಿ.

ಪೊಟ್ಟಣ ಸಿಗದಿದ್ದರೆ? 1 ಲೀಟರ್ ಶುದ್ಧ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ. ಚಮಚ ತಲೆ ತಟ್ಟಿರಬೇಕು, ಗೋಪುರ ಇರಬಾರದು. ಉಪ್ಪು ಹೆಚ್ಚಾದರೆ ಅಪಾಯ. ಉಪ್ಪು ಹಾಕಿದ ಅನ್ನದ ಗಂಜಿ, ಮಜ್ಜಿಗೆ, ಎಳನೀರನ್ನೂ ಕೊಡಬಹುದು. ಎದೆಹಾಲು ಕುಡಿಯುವ ಮಗುವಿಗೆ ಎದೆಹಾಲು ನಿಲ್ಲಿಸಬೇಡಿ. ದೊಡ್ಡ ಮಗುವಿಗೆ ಮೆತ್ತಗಿನ ಅನ್ನ, ಬಾಳೆಹಣ್ಣು ಕೊಡಿ. ಆಶಾ ಕೊಡುವ ಜಿಂಕ್ ಮಾತ್ರೆಯನ್ನು ಅವರು ಹೇಳಿದಷ್ಟು, 14 ದಿನ ಪೂರ್ತಿ ಕೊಡಿ. ಅಂಗಡಿಯಲ್ಲಿ ಕೇಳಿ ಭೇದಿ ನಿಲ್ಲಿಸುವ ಮಾತ್ರೆ ತಂದು ಮಕ್ಕಳಿಗೆ ಕೊಡಬೇಡಿ.

ಯಾವಾಗ ಆಸ್ಪತ್ರೆಗೆ ಓಡಬೇಕು? ಕಣ್ಣು ಗುಳಿ ಬಿದ್ದರೆ. ಅತ್ತರೂ ಕಣ್ಣೀರು ಬರದಿದ್ದರೆ. ಉಚ್ಚೆ ಹೊಯ್ಯದಿದ್ದರೆ. ಹೊಟ್ಟೆಯ ಚರ್ಮ ಹಿಡಿದು ಬಿಟ್ಟಾಗ ನಿಧಾನವಾಗಿ ಕೆಳಗೆ ಹೋದರೆ. ಭೇದಿಯಲ್ಲಿ ರಕ್ತ ಕಂಡರೆ. ಕುಡಿದದ್ದೆಲ್ಲ ಕಕ್ಕಿದರೆ. ಮಗು ಕಣ್ಣು ಬಿಡದೆ ಮಂಪರಾಗಿ ಮಲಗಿದರೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಗುಟುಕು ಗುಟುಕು ಕುಡಿಸುತ್ತಲೇ ಇರಿ.

ಈ ಉಪ್ಪು ಸಕ್ಕರೆ ನೀರಿನ ಬೆಲೆ ಎಷ್ಟು ದೊಡ್ಡದು ಗೊತ್ತೇ? 1971ರಲ್ಲಿ ಬಾಂಗ್ಲಾದೇಶದ ಯುದ್ಧ ನಡೆಯಿತು. ಲಕ್ಷಗಟ್ಟಲೆ ಜನ ನಿರಾಶ್ರಿತರಾಗಿ ನಮ್ಮ ದೇಶಕ್ಕೆ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಗ್ಲೂಕೋಸ್ ಬಾಟಲಿ ಸಾಲಲಿಲ್ಲ. ಆಗ ಡಾಕ್ಟರ್ ದಿಲೀಪ್ ಮಹಲನಬಿಸ್ ಎಂಬುವರು ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಡಿಸಿದರು. ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ಸಾವು ಬಹಳ ಕಡಿಮೆಯಾಯಿತು. ಡಾಕ್ಟರ್ 2022ರಲ್ಲಿ ತೀರಿಕೊಂಡರು. 2023ರಲ್ಲಿ ಸರ್ಕಾರ ಅವರಿಗೆ ಪದ್ಮವಿಭೂಷಣ ಗೌರವ ಕೊಟ್ಟಿತು. ನೋಡಿ, ಅಂದು ಜೀವ ಉಳಿಸಿದ ಕೈಗಳು ತಾಯಿ, ತಂದೆ, ಅಣ್ಣ, ತಂಗಿಯರ ಕೈಗಳೇ.

ನಮ್ಮ ಕಥೆಯ ಮಗು ರಾತ್ರಿಯೆಲ್ಲ ಗುಟುಕು ಗುಟುಕು ಕುಡಿಯಿತು. ಮಂಗಳವಾರ ಬೆಳಗ್ಗೆ ಉಚ್ಚೆ ಹೊಯ್ಯಿತು. "ಹಾಸಿಗೆ ಒದ್ದೆ ಆಯ್ತು" ಎಂದು ಯಾರೂ ಗದರಲಿಲ್ಲ. ಮನೆಯವರ ಮುಖ ಅರಳಿತು.

ಪಾತ್ರೆ ಯಾರು ತೊಳೆಯಬೇಕು?

ಸೋಮವಾರ ಮನೆ ಹಿಂದೆ ಎಂಜಲು ಪಾತ್ರೆಗಳ ರಾಶಿ. ತಾಯಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಾಳೆ. ಅತ್ತೆಗೆ ಮಂಡಿನೋವು. "ಹೆಣ್ಣು ಮಗಳು ಇದ್ದಾಳಲ್ಲ, ಇವತ್ತು ಸ್ಕೂಲು ಬೇಡ" ಅಂದರು ಅತ್ತೆ. ಮಗಳು ಸ್ಕೂಲಿನ ಚೀಲ ಗೂಟಕ್ಕೆ ಸಿಗಿಸಿ ಪಾತ್ರೆ ಮುಂದೆ ಕೂತಳು. ಅಪ್ಪ ಜಗಲಿಯ ಮೇಲೆ ಕೂತಿದ್ದ. ಅವನು ಕೆಟ್ಟವನಲ್ಲ. ಪಾತ್ರೆ ತೊಳೆಯುವುದು ತನ್ನ ಕೆಲಸ ಎಂದು ಅವನಿಗೆ ಹೊಳೆಯಲೇ ಇಲ್ಲ, ಅಷ್ಟೆ.

ಇದು ಒಂದು ಮನೆಯ ಮಾತಲ್ಲ. 2019ರಲ್ಲಿ ಸರ್ಕಾರ ದೇಶದಲ್ಲೆಲ್ಲ ಒಂದು ಸಮೀಕ್ಷೆ ಮಾಡಿತು. ಯಾರು ದಿನದಲ್ಲಿ ಎಷ್ಟು ಹೊತ್ತು ಏನು ಕೆಲಸ ಮಾಡುತ್ತಾರೆ ಎಂದು ಕೇಳಿತು. ಆಗ ನೂರಕ್ಕೆ 81 ಹೆಂಗಸರು ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು. ಗಂಡಸರು ನೂರಕ್ಕೆ 26 ಮಾತ್ರ. ಕೆಲಸ ಮಾಡುವ ಹೆಂಗಸರಿಗೆ ಅದು ದಿನಕ್ಕೆ ಸರಾಸರಿ 299 ನಿಮಿಷ. ಅಂದರೆ ಸುಮಾರು 5 ಗಂಟೆ. ಕೆಲಸ ಮಾಡುವ ಗಂಡಸರಿಗೆ 97 ನಿಮಿಷ. ಇದು ದಿನನಿತ್ಯದ ಲೆಕ್ಕ. ಹಬ್ಬದ ಮರುದಿನದ ಲೆಕ್ಕ ನೀವೇ ಹಾಕಿ.

ಸಂಜೆ ತಾಯಿ ಗಂಡನಿಗೆ ಹೇಳಿದಳು. ಕೂಗಾಡಲಿಲ್ಲ. "ರೀ, ಮಗು ನನ್ನ ಬಿಟ್ಟು ಇರ್ತಿಲ್ಲ. ಅವಳಿಗೆ ನಾಳೆ ಲೆಕ್ಕದ ಪರೀಕ್ಷೆ. ಹಬ್ಬ ನಾವಿಬ್ಬರೂ ಸೇರಿ ಮಾಡಿದ್ವಿ ತಾನೇ? ದೊಡ್ಡ ಪಾತ್ರೆ ನೀವು ಉಜ್ಜಿ."

ಗಂಡ ಅತ್ತ ಇತ್ತ ನೋಡಿದ. "ಯಾರಾದ್ರೂ ನೋಡಿದ್ರೆ?" ಅಂದ.

"ನೋಡಲಿ ಬಿಡಿ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಗಂಡಸರೇ ಅಲ್ವಾ?"

ಗಂಡ ಪಂಚೆ ಎತ್ತಿ ಕಟ್ಟಿ ಕೂತ. ಬೂದಿ, ತೆಂಗಿನ ನಾರು ಹಾಕಿ ಉಜ್ಜಿದ. ಪಕ್ಕದ ಮನೆಯವರು ನೋಡಿದರು, ಒಂದು ಸಲ ನಕ್ಕರು. ಆಮೇಲೆ ತಮ್ಮ ಕೆಲಸಕ್ಕೆ ಹೋದರು. ಅಷ್ಟೇ. ಮಂಗಳವಾರ ಮಗಳು ಶಾಲೆಗೆ ಹೋದಳು.

6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಪಡೆಯುವ ಹಕ್ಕಿದೆ. 2010ರ ಏಪ್ರಿಲ್ 1ರಿಂದ ಈ ಕಾನೂನು ಜಾರಿಯಲ್ಲಿದೆ. ಒಂದು ದಿನ ತಾನೇ ಎಂದು ನಾವು ಹೆಣ್ಣುಮಕ್ಕಳನ್ನು ನಿಲ್ಲಿಸಿಕೊಳ್ಳುತ್ತೇವೆ. ಹಬ್ಬಕ್ಕೆ ಒಂದು ದಿನ, ನೆಂಟರಿಗೆ ಒಂದು ದಿನ, ತಮ್ಮನ ಜ್ವರಕ್ಕೆ ಎರಡು ದಿನ. ಹೀಗೆ ಪಾಠ ತಪ್ಪುತ್ತದೆ. ಪಾಠ ತಪ್ಪಿದ ಮಗು ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಮಗು ಒಂದು ದಿನ ಶಾಲೆಯನ್ನೇ ಬಿಡುತ್ತದೆ. ನಮ್ಮಲ್ಲಿ ಎಷ್ಟೋ ಜನ ಓದು ಬಿಟ್ಟದ್ದು ಹೀಗೇ ಅಲ್ಲವೇ?

ತೊಳೆದ ಪಾತ್ರೆಗಳನ್ನು ವಾಪಸ್ ಕೊಡುವ ಕೆಲಸವೂ ಇತ್ತು. ನಾಲ್ಕು ಮನೆಯ ಪಾತ್ರೆ ಕಲೆತುಹೋಗಿತ್ತು. ಪಾತ್ರೆಗಳ ಮೇಲೆ ಹೆಸರು ಕೆತ್ತಿಸಿರುತ್ತಾರೆ, ನೀವು ನೋಡಿದ್ದೀರಿ. ಹಿಂದೆ ತಾಯಿ ಅದನ್ನು ಯಾರಿಗಾದರೂ ತೋರಿಸಿ ಕೇಳಬೇಕಾಗಿತ್ತು. ಈ ಸಲ ಒಂದೊಂದೇ ಓದಿ ಬೇರೆ ಬೇರೆ ಇಟ್ಟಳು. ಯಾರ ಲೋಟವೂ ಯಾರ ಮನೆಗೂ ಹೋಗಲಿಲ್ಲ. ಜಗಳವೂ ಆಗಲಿಲ್ಲ.

ಮಂಗಳವಾರ: ಅಂಗಳದ ಕಸ

ಅಂಗಳದಲ್ಲಿ ಏನೇನು ಬಿದ್ದಿತ್ತು? ಊಟದ ಎಲೆ, ಪ್ಲಾಸ್ಟಿಕ್ ಲೋಟ, ತೆಂಗಿನ ಚಿಪ್ಪು, ಒಡೆದ ಬಲೂನಿನ ಚೂರು, ಬಣ್ಣದ ಕಾಗದ.

ಬಲೂನಿನ ಚೂರನ್ನು ಮೊದಲು ಆರಿಸಿ ತೆಗೆಯಿರಿ. ಪುಟ್ಟ ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದು ಗಂಟಲಲ್ಲಿ ಅಂಟಿದರೆ ಉಸಿರು ಕಟ್ಟುತ್ತದೆ. ಉಡುಗೊರೆ ಬಂದ ಆಟದ ಸಾಮಾನುಗಳನ್ನೂ ನೋಡಿ. ಹಾಡುವ ಗೊಂಬೆ, ಮಿನುಗುವ ದೀಪಗಳ ಒಳಗೆ ಅಂಗಿಯ ಗುಂಡಿಯಂಥ ಸಣ್ಣ ಸೆಲ್ಲು ಇರುತ್ತದೆ. ಮಗು ಅದನ್ನು ನುಂಗಿದರೆ ಒಳಗೆ ಸುಡುತ್ತದೆ. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಹೋಗಿ. ವಾಂತಿ ಮಾಡಿಸಬೇಡಿ.

ಲೋಟ, ಚಿಪ್ಪುಗಳನ್ನು ಮಗುಚಿ ಎತ್ತಿಡಿ. ಮಳೆ ನೀರು ನಿಂತರೆ ಡೆಂಗ್ಯೂ ಹರಡುವ ಸೊಳ್ಳೆ ಅಲ್ಲಿ ಮೊಟ್ಟೆ ಇಡುತ್ತದೆ. ಸುಮಾರು ಒಂದು ವಾರ, ಹತ್ತು ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ. ಈ ಸೊಳ್ಳೆ ಹಗಲು ಕಚ್ಚುತ್ತದೆ. ಒಂದು ಚಿಪ್ಪು ನೀರು ಅದಕ್ಕೆ ಸಾಕು.

ಎಲೆ, ಸಿಪ್ಪೆಗಳು ಗೊಬ್ಬರದ ಗುಂಡಿಗೆ ಹೋಗಲಿ. ಪ್ಲಾಸ್ಟಿಕ್ಕನ್ನು ಬೇರೆ ಚೀಲಕ್ಕೆ ತುಂಬಿ ಪಂಚಾಯಿತಿಯ ಕಸದ ಗಾಡಿಗೆ ಕೊಡಿ. ಒಲೆಗೆ ಹಾಕಿ ಸುಡಬೇಡಿ. ಅದರ ಹೊಗೆ ವಿಷ. ಬೀದಿಗೆ ಎಸೆಯಬೇಡಿ. ಅನ್ನದ ವಾಸನೆಗೆ ಹಸು ಪ್ಲಾಸ್ಟಿಕ್ಕನ್ನೂ ಸೇರಿಸಿ ನುಂಗುತ್ತದೆ. ಅದು ಕರಗದೆ ಹೊಟ್ಟೆಯಲ್ಲೇ ಉಳಿಯುತ್ತದೆ.

ಇನ್ನೊಂದು ವಿಷಯ. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳನ್ನು ನಿಷೇಧ ಮಾಡಿದ್ದಾರೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲ್ ಎಲ್ಲವೂ ಆ ಪಟ್ಟಿಯಲ್ಲಿವೆ. ಮುಂದಿನ ಸಲ ಸ್ಟೀಲು ಲೋಟ, ಮುತ್ತುಗದ ಎಲೆ, ಬಾಳೆ ಎಲೆ, ಮಾವಿನ ತೋರಣ ಸಾಕು. ನೋಡುವುದಕ್ಕೂ ಅದೇ ಚೆಂದ.

ಬುಧವಾರ: ದುಡ್ಡಿನ ಲೆಕ್ಕ

ಬುಧವಾರ ರಾತ್ರಿ ಗಂಡ ಹೆಂಡತಿ ಲೆಕ್ಕಕ್ಕೆ ಕೂತರು. ಅವಳು ಪುಸ್ತಕ ತೆಗೆದು ಬರೆದಳು.

ಅಕ್ಕಿ, ಬೇಳೆ, ಎಣ್ಣೆ, ತರಕಾರಿ: 3,200 ರೂಪಾಯಿ
ಸಕ್ಕರೆ, ರವೆ, ತುಪ್ಪ, ಹಾಲು, ಮೊಸರು: 1,500
ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆ: 2,300
ಮಗನ ಬಟ್ಟೆ: 900
ಫೋಟೋ: 800
ಬಲೂನು, ಅಲಂಕಾರ, ಲೋಟ: 700
ಕೇಕು: 600
ಒಟ್ಟು: 10,000 ರೂಪಾಯಿ

ಇದರಲ್ಲಿ ಕೈಯಲ್ಲಿದ್ದ ದುಡ್ಡು 5,000. ಉಳಿದ 5,000 ಸಾಲ. ಬಡ್ಡಿ ನೂರಕ್ಕೆ ತಿಂಗಳಿಗೆ 5 ರೂಪಾಯಿ. "ಐದು ರೂಪಾಯಿ ತಾನೇ" ಎಂದು ಕೇಳಿದಾಗ ಸಣ್ಣದು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 5,000ಕ್ಕೆ ತಿಂಗಳಿಗೆ 250. ವರ್ಷಕ್ಕೆ 3,000. ಮಗನ ಮುಂದಿನ ಹುಟ್ಟುಹಬ್ಬ ಬರುವ ಹೊತ್ತಿಗೆ 3,000 ಬಡ್ಡಿಗೇ ಹೋಗಿರುತ್ತದೆ. ಅಸಲು 5,000 ಹಾಗೇ ನಿಂತಿರುತ್ತದೆ.

ಮುಯ್ಯಿ ಬಂದದ್ದು 3,400. ಆ ದುಡ್ಡಿಗೆ ಒಂದು ಹಳೇ ಫೋನು ಕೊಳ್ಳೋಣ ಎಂದು ಗಂಡನಿಗೆ ಆಸೆ. ಹೆಂಡತಿ ಅವನಿಗೆ ಬರೆದೇ ತೋರಿಸಿದಳು. 5,000ದಲ್ಲಿ 3,400 ಕಳೆದರೆ 1,600. ಆಗ ಬಡ್ಡಿ ತಿಂಗಳಿಗೆ 80 ಮಾತ್ರ. 250 ಎಲ್ಲಿ, 80 ಎಲ್ಲಿ? ಗಂಡ ಬೆರಳು ಮಡಿಸಿ ಮಡಿಸಿ ನೋಡಿದ. "ಸರಿ, ನಾಳೆನೇ ಕಟ್ಟಿಬಿಡ್ತೀನಿ" ಅಂದ. ಉಳಿದ 1,600ಕ್ಕೆ ಸ್ತ್ರೀಶಕ್ತಿ ಸಂಘದಲ್ಲಿ ಕೇಳುವುದು ಎಂದಾಯಿತು. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾಗಿದ್ದು 2000ದಲ್ಲಿ. ನಿಮ್ಮ ಸಂಘದಲ್ಲಿ ನೂರಕ್ಕೆ ಬಡ್ಡಿ ಎಷ್ಟು? ಕೇಳಿ ತಿಳಿಯಿರಿ. ಹೊರಗಿನ ಬಡ್ಡಿಗೆ ಹೋಲಿಸಿ ನೋಡಿ.

ಮುಯ್ಯಿಯೂ ಒಂದು ಬಗೆಯ ಸಾಲವೇ. ಇಂದು ಅವರು ಓದಿಸಿದ್ದನ್ನು ನಾಳೆ ಅವರ ಮನೆಯ ಕಾರ್ಯಕ್ಕೆ ನಾವು ಓದಿಸಬೇಕು. ಯಾರು ಎಷ್ಟು ಕೊಟ್ಟರು ಎಂದು ಹೆಸರು ಸಮೇತ ಬರೆದಿಡಿ. ಪಕ್ಕದಲ್ಲಿ ಸ್ವಲ್ಪ ಜಾಗ ಬಿಡಿ. ನೀವು ಹಿಂದಿರುಗಿಸಿದ ದಿನ ಅಲ್ಲಿ ಬರೆಯಿರಿ. ಈ ಪುಸ್ತಕ ನಿಮ್ಮ ಕೈಯಲ್ಲೇ ಇರಲಿ.

ಇನ್ನೊಂದು ಸಂಗತಿ ಗಮನಿಸಿ. ಶಾಮಿಯಾನ ಮತ್ತು ಬಾಡಿಗೆ, ಫೋಟೋ, ಅಲಂಕಾರ ಈ ಮೂರೇ ಸೇರಿ 3,800. ಬಂದ ಮುಯ್ಯಿಗಿಂತ ಹೆಚ್ಚು. 3 ವರ್ಷದ ಮಗು ಶಾಮಿಯಾನ ಕೇಳಿತ್ತೇ? ಅದು ಕೇಳಿದ್ದು ಒಂದು ಬಲೂನು, ಜೊತೆಗೆ ಆಡಲು ನಾಲ್ಕು ಮಕ್ಕಳು.

ಮಗಳ ಪ್ರಶ್ನೆ

ಲೆಕ್ಕ ನೋಡುತ್ತ ಮಗಳೂ ಪಕ್ಕದಲ್ಲಿ ಕೂತಿದ್ದಳು. "ಅಮ್ಮಾ, ನನ್ನ ಹುಟ್ಟುಹಬ್ಬ ಯಾವತ್ತು?" ಅಂದಳು.

ಯಾರೂ ಮಾತಾಡಲಿಲ್ಲ. ಅವಳಿಗೆ ಹತ್ತು ವರ್ಷ. ಒಂದು ಸಲವೂ ಮಾಡಿರಲಿಲ್ಲ.

"ಹೆಣ್ಣುಮಕ್ಕಳಿಗೆ ಯಾರು ಮಾಡ್ತಾರೆ?" ಅಂದರು ಅಜ್ಜಿ. ಆಮೇಲೆ ಅವರೇ ಮೆಲ್ಲಗೆ ಅಂದರು: "ನನಗೂ ಯಾರೂ ಮಾಡಲಿಲ್ಲ. ನಾ ಹುಟ್ಟಿದ ದಿನ ಯಾವುದೋ ನಂಗೂ ಗೊತ್ತಿಲ್ಲ."

ತಾಯಿ ಪೆಟ್ಟಿಗೆಯಿಂದ ಮಗಳ ಜನನ ಪ್ರಮಾಣಪತ್ರ ತೆಗೆದಳು. ತಾರೀಕು ತಾನೇ ಓದಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗೆರೆ ಸುತ್ತಿದಳು. "ಆವತ್ತು ಪಾಯಸ ಮಾಡೋಣ. ನಿನ್ನ ಗೆಳತಿಯರು ಐದು ಜನರನ್ನ ಕರಿ" ಅಂದಳು. ಅದಕ್ಕೆ ಸಾಲ ಬೇಕಾಗಿಲ್ಲ. ಬೆಲ್ಲ, ಶಾವಿಗೆ, ಅರ್ಧ ಲೀಟರ್ ಹಾಲು ಸಾಕು.

ನಿಮ್ಮ ಮಕ್ಕಳ ಜನನ ಪ್ರಮಾಣಪತ್ರ ಇದೆಯೇ? ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿದರೆ ಶುಲ್ಕ ಇಲ್ಲ. 2023ರ ಅಕ್ಟೋಬರ್ 1ರಿಂದ ಆಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು ಹುಟ್ಟಿದ ತಾರೀಕಿನ ದಾಖಲೆ ಎಂದರೆ ಈ ಪತ್ರವೇ. ಗಂಡಾಗಲಿ ಹೆಣ್ಣಾಗಲಿ, ಮಾಡಿಸಿ ಜೋಪಾನವಾಗಿ ಇಡಿ. ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುವ ಕಾಲ ಮುಗಿಯಿತು.

ನೆನಪಿಡಿ

ಹೊತ್ತು ಮೀರಿದ ಅಡುಗೆ ಮಕ್ಕಳಿಗೆ ಬೇಡ.
ಭೇದಿಯಾದರೆ ಓ.ಆರ್.ಎಸ್. ಕುಡಿಸಿ. ನೀರು, ಊಟ ನಿಲ್ಲಿಸಬೇಡಿ.
ಹಬ್ಬ ಎಲ್ಲರದು. ಹಬ್ಬದ ನಂತರದ ಕೆಲಸವೂ ಎಲ್ಲರದು.
ಕೆಲಸಕ್ಕಾಗಿ ಹೆಣ್ಣುಮಕ್ಕಳ ಶಾಲೆ ತಪ್ಪಿಸಬೇಡಿ.
ಬಂದ ಮುಯ್ಯಿ ಮೊದಲು ಸಾಲಕ್ಕೆ ಹೋಗಲಿ.

ಮಾತಾಡಿ, ಬರೆಯಿರಿ

1. ನಿಮ್ಮ ಮನೆಯಲ್ಲಿ ಹಬ್ಬದ ಮರುದಿನ ಯಾರು ಯಾರು ಏನೇನು ಕೆಲಸ ಮಾಡುತ್ತಾರೆ? ಪಟ್ಟಿ ಮಾಡಿ. ಮನೆಯವರಿಗೆ ಓದಿ ಹೇಳಿ.
2. ಸಾಲ 2,000 ರೂಪಾಯಿ. ಬಡ್ಡಿ ನೂರಕ್ಕೆ ತಿಂಗಳಿಗೆ 3 ರೂಪಾಯಿ. ಒಂದು ವರ್ಷಕ್ಕೆ ಬಡ್ಡಿ ಎಷ್ಟು?
3. ನಿಮ್ಮ ಮಕ್ಕಳೆಲ್ಲರ ಹೆಸರು, ಹುಟ್ಟಿದ ತಾರೀಕು ಬರೆಯಿರಿ. ಕೊನೆಯಲ್ಲಿ ನಿಮ್ಮದನ್ನೂ ಬರೆಯಿರಿ.